ಇದರಿಂದ ಮಗು ಕಲಿಯುವುದೇನು?

ಅಕ್ಕೋರ ಕೊರಳಲ್ಲಿ ಸದಾ ಎರಡು ಸರಗಳಿರುತ್ತಿದ್ದವು. ಒಂದು ಕರಿಮಣಿಯ ಮಂಗಳಸೂತ್ರ, ಇನ್ನೊಂದು ಕಪ್ಪು ದಾರಕ್ಕೆ ಕಟ್ಟಿದ ಸ್ಟಾಪ್‌ವಾಚು. ಚಳಿಗಾಲದಲ್ಲಿ ಸ್ವೆಟರು, ಅದರ ಮೇಲೆ ಜಾಕೆಟ್ಟು, ಅದರ ಮೇಲೆ ಮಫ್ಲರು ಬಂದಾಗ ಮಂಗಳಸೂತ್ರ ಒಳಗೆಲ್ಲೋ ಹೂತುಹೋಗುತ್ತಿತ್ತು. ಸ್ಟಾಪ್‌ವಾಚು ಮಾತ್ರ ಎಲ್ಲದರ ಮೇಲೆ ತೂಗಾಡುತ್ತಿತ್ತು. ಯಾರಾದರೂ ಮಾತಿಗೆ ಶುರುಮಾಡಿದರೆ ಅವರ ಹೆಬ್ಬೆರಳು ತಾನಾಗಿ ಅದರ ಗುಂಡಿಯ ಮೇಲೆ ಹೋಗುತ್ತಿತ್ತು. ಒತ್ತುತ್ತಿದ್ದರೋ ಇಲ್ಲವೋ ಗೊತ್ತಿಲ್ಲ. ನನ್ನಂಥವನ ಮಾತು ಅರ್ಧಕ್ಕೆ ನಿಲ್ಲಲು ಹೆಬ್ಬೆರಳು ಅಷ್ಟು ಹತ್ತಿರ ಹೋದರೆ ಸಾಕಿತ್ತು.

ಅವರು ಟೊರೊಂಟೊ ಪಕ್ಕದ ಮಿಸಿಸಾಗದ ಒಂದು ಪುಟ್ಟ ಬಹುಭಾಷಾ ಟೀವಿ ಚಾನೆಲ್ಲಿನಲ್ಲಿ ಕೆಲಸಕ್ಕಿದ್ದರು. ಚಾನೆಲ್ಲೆಂದರೆ ಏರ್‌ಪೋರ್ಟಿನ ಹತ್ತಿರ, ಟೈರ್ ಅಂಗಡಿಯ ಮಗ್ಗುಲಲ್ಲಿದ್ದ ಒಂದು ಗೋದಾಮು. ವಿಮಾನ ಇಳಿದಾಗಲೆಲ್ಲ ರೆಕಾರ್ಡಿಂಗ್ ನಿಲ್ಲಿಸಿ ಎಲ್ಲರೂ ಚಾವಣಿ ನೋಡಬೇಕಿತ್ತು. ಪ್ರಸಾರವಾಗುವ ಪ್ರತಿಯೊಂದು ಕಾರ್ಯಕ್ರಮವನ್ನೂ ಮೊದಲಿನಿಂದ ಕೊನೆತನಕ ನೋಡಿ, ಅದು ಎಷ್ಟು ಹೊತ್ತಿನದು, ಯಾವ ಬಗೆಯದು ಎಂದು ಬರೆದು ಸಹಿ ಹಾಕುವುದು ಅಕ್ಕೋರ ಕೆಲಸ. ಕೆನಡಾಕ್ಕೆ ಬರುವ ಮುಂಚೆ ಧಾರವಾಡದಲ್ಲಿ ಪ್ರೈಮರಿ ಶಾಲೆಯ ಟೀಚರಾಗಿದ್ದರು. ಅಲ್ಲಿನ ಮಕ್ಕಳು ಕರೆಯುತ್ತಿದ್ದ ಹಾಗೆ ನಾವೂ ಅಕ್ಕೋರೇ ಎನ್ನುತ್ತಿದ್ದೆವು.

ಆ ಚಾನೆಲ್ಲಿನಲ್ಲಿ ನಮ್ಮ ಕನ್ನಡ ಸಂಘಕ್ಕೆ ಶನಿವಾರ ಬೆಳಿಗ್ಗೆ ಏಳರಿಂದ ಏಳೂವರೆಯ ತನಕ ಜಾಗ ಸಿಕ್ಕಿತ್ತು. ಆ ಹೊತ್ತಿಗೆ ಎದ್ದಿರುತ್ತಿದ್ದವರು ಸಕ್ಕರೆ ಕಾಯಿಲೆಯವರು ಮತ್ತು ನಾನು. ಆದರೂ ಇಡೀ ವಾರದಲ್ಲಿ ಟೀವಿ ಕನ್ನಡ ಮಾತಾಡುತ್ತಿದ್ದದ್ದು ಆ ಅರ್ಧ ಗಂಟೆ ಮಾತ್ರ ಎಂಬ ಹೆಮ್ಮೆಗೇನೂ ಕಡಿಮೆಯಿರಲಿಲ್ಲ.

ತೊಡಕು ಇದ್ದದ್ದು ಚಾನೆಲ್ಲಿನ ಲೈಸೆನ್ಸಿನಲ್ಲಿ. ವಾರಕ್ಕೆ ಇಷ್ಟು ಹೊತ್ತು ಮಕ್ಕಳಿಗೆ ಏನಾದರೂ ಕಲಿಸುವ ಕಾರ್ಯಕ್ರಮ ಹಾಕಲೇಬೇಕೆಂಬ ಷರತ್ತು. ಮ್ಯಾನೇಜರು ಅದನ್ನು ಎಲ್ಲ ಭಾಷೆಯವರಿಗೂ ಹಂಚಿದ್ದ. ತಿಂಗಳಿಗೊಂದು ಅರ್ಧ ಗಂಟೆ ನಮ್ಮ ಪಾಲು. ಮಾಡಿದ್ದಕ್ಕೆ ಸಾಕ್ಷಿಯಾಗಿ ಒಂದು ಫಾರಂ ಕೊಡಬೇಕು. ಅದರ ನಟ್ಟನಡುವೆ ದೊಡ್ಡದೊಂದು ಖಾಲಿ ಚೌಕ: ಇದರಿಂದ ಮಗು ಕಲಿಯುವುದೇನು?

ಫಾರಂ ತುಂಬುವ ಹೊಣೆ ನನ್ನದು. ನಾನು ಸಾಫ್ಟ್‌ವೇರ್ ಟೆಸ್ಟರು. ಏನೇನು ಕೆಡಬಹುದು ಎಂದು ಮೊದಲೇ ಯೋಚಿಸಿ ಸಂಬಳ ತೆಗೆದುಕೊಳ್ಳುವವನು. ಅದೇ ಕೆಲಸವನ್ನು ಮನೆಯಲ್ಲೂ ಪುಕ್ಕಟೆಯಾಗಿ ಮಾಡುತ್ತೇನೆಂಬುದು ಹೆಂಡತಿಯ ದೂರು. ಇಂಥವನ ಕೈಗೆ ಖಾಲಿ ಚೌಕ ಸಿಕ್ಕರೆ ಬಿಡುತ್ತಾನೆಯೇ? ನಾವು ಹಾಕುತ್ತಿದ್ದದ್ದು ಸಿನಿಮಾ ಹಾಡುಗಳು. ನಾಯಕ ನಾಯಕಿ ಮಳೆಯಲ್ಲಿ ನೆನೆದರೆ ನಾನು 'ಜಲಚಕ್ರದ ಪರಿಚಯ' ಎಂದು ಬರೆಯುತ್ತಿದ್ದೆ. ಎತ್ತಿನ ಗಾಡಿಯಲ್ಲಿ ಹಾಡಿದರೆ 'ಸಾರಿಗೆಯ ಇತಿಹಾಸ'. ಹೆಂಗಸರ ಸೀರೆ ಪ್ರದರ್ಶನ ಹಾಕಿದ ತಿಂಗಳು 'ಬಣ್ಣಗಳನ್ನು ಗುರುತಿಸುವುದು'. ಹೀಗೆ ಐದು ತಿಂಗಳು ಸಾಗಿತು. ಯಾರೂ ಕೇಳಲಿಲ್ಲ.

೨೦೧೬ರ ಬೇಸಿಗೆಯ ಹೊತ್ತಿಗೆ ಅಕ್ಕೋರು ಕೆಲಸಕ್ಕೆ ಸೇರಿದರು. ಹಳೆಯ ಫಾರಂಗಳು ಅವರ ಕೈಗೆ ಬಿದ್ದು ಮೊದಲ ವಾರವೇ ನನ್ನ ಫೋನು ಬಡಿದುಕೊಂಡಿತು.

"ಫಾರಂ ಬರದವರು ನೀವೇನ್ರೀ? ನಾಯಕ ನಾಯಕಿ ಮಳಿಯಾಗ ಓಡಿದ್ರು. ಗಿಡದ ಹಿಂದ ಹೋದ್ರು. ಜಲಚಕ್ರ ಎಲ್ಲದ?"

"ಮಳೆ... ಭೂಮಿಗೆ ಬಿತ್ತಲ್ಲ ಮೇಡಂ."

"ಬಿದ್ದದ್ದು ಖರೇ. ಮ್ಯಾಲೆ ಹೋದದ್ದು ಯಾವಾಗ? ಅರ್ಧಾ ಚಕ್ರ ಆತು."

ನಗಬೇಕೋ ಬೆವರಬೇಕೋ ತಿಳಿಯದೆ ಎರಡನ್ನೂ ಮಾಡಿದೆ. ಅದೇ ತಿಂಗಳು ಮ್ಯಾನೇಜರಿಂದ ಒಂದು ಈಮೇಲು ಬಂತು: ಚಳಿಗಾಲಕ್ಕೆ ಮುಂಚೆ ಲೈಸೆನ್ಸ್ ನವೀಕರಣಕ್ಕೆ ಕಾಗದಪತ್ರ ಕಳಿಸಬೇಕು, ಮಕ್ಕಳ ಪಾಲಿನಲ್ಲಿ ಕೊರತೆಯಿರುವ ಸಂಘದವರ ಜಾಗವನ್ನು, ಕಾದು ನಿಂತಿರುವ ಬೇರೆಯವರಿಗೆ ಕೊಡಲಾಗುವುದು. ಟೊರೊಂಟೊ ಸುತ್ತಲ ಕನ್ನಡದ ಏಕೈಕ ಅರ್ಧ ಗಂಟೆಯನ್ನು ಕಳೆದವನು ಎಂದು ನಾಳೆ ನನ್ನನ್ನು, ಎಲ್ಲರೂ ಅಡುಗೆ ತಂದು ಹಂಚಿ ಉಣ್ಣುವ ಪಾಟ್‌ಲಕ್ಕುಗಳಲ್ಲಿ ತೋರಿಸುತ್ತಾರೆ, ಬಿಸಿಬೇಳೆಭಾತಿನ ಸಾಲಿನಲ್ಲಿ ಯಾರೂ ನನ್ನ ಹಿಂದೆ ನಿಲ್ಲುವುದಿಲ್ಲ ಎಂದೆಲ್ಲ ಅನ್ನಿಸಿ ಸಂಘದ ಅಧ್ಯಕ್ಷರಿಗೆ ಫೋನು ಮಾಡಿದೆ.

ಅಧ್ಯಕ್ಷರು ಅರೋರಾ ಎಂಬ ಪಕ್ಕದ ಊರಲ್ಲಿ ಮನೆ ಮಾಡಿದ್ದವರು, ಸಿವಿಲ್ ಇಂಜಿನಿಯರು, ಎದೆ ಸೆಟೆಸಿ ನಡೆಯುವವರು. "ಟೆನ್ಷನ್ ಮಾಡ್ಕೋಬೇಡಿ ಸಾರ್. ಮಕ್ಕಳ ಕಾರ್ಯಕ್ರಮ ತಾನೆ? ಒಂದು ಭರ್ಜರಿ ಸಮಾರಂಭ ಮಾಡೋಣ" ಎಂದರು.

ಮಾಡಿದೆವು. ಸಂಘದ ಪದ್ಧತಿಯ ಪ್ರಕಾರ ಒಂದನ್ನೂ ಬಿಡಲಿಲ್ಲ. ಸ್ಟುಡಿಯೋದಲ್ಲಿ ಬೆಂಕಿ ಹಚ್ಚುವ ಹಾಗಿಲ್ಲವೆಂದು ಬ್ಯಾಟರಿ ದೀಪ ತಂದು, ಅದರ ಸ್ವಿಚ್ಚನ್ನು ಗಣ್ಯರು ಒಟ್ಟಾಗಿ ಒತ್ತಿದರು. ಅಧ್ಯಕ್ಷರಿಗೆ ಶಾಲು ಹೊದಿಸಿ ಸನ್ಮಾನಿಸಿದೆವು. ಸಂಘದ ಬಳಿ ಇದ್ದದ್ದು ಒಂದೇ ಶಾಲು. ಸನ್ಮಾನ ಮುಗಿದ ಮೇಲೆ ಅದು ಸದ್ದಿಲ್ಲದೆ ಖಜಾಂಚಿಯ ಕಾರಿನ ಡಿಕ್ಕಿಗೆ ವಾಪಸಾಗುತ್ತಿತ್ತು. ನನ್ನ ಒಂಬತ್ತು ವರ್ಷದ ಮಗಳನ್ನೂ ಸೇರಿಸಿ ಏಳು ಮಕ್ಕಳು ರೇಷ್ಮೆ ಲಂಗ, ಜುಬ್ಬಾ ತೊಟ್ಟು ಗೋಡೆಯ ಪಕ್ಕ ಕಾದಿದ್ದರು.

ಮಾರನೆಯ ದಿನ ಅಕ್ಕೋರು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಟ್‌ಪ್ಯಾಡ್ ಓದಿದರು. "ಒಟ್ಟು ಇಪ್ಪತ್ತೆಂಟು ನಿಮಿಷ. ಪ್ರಾರ್ಥನಾ ನಾಲ್ಕು. ದೀಪ ಮೂರು, ಒಂದು ಸ್ವಿಚ್ಚಿಗೆ ಐದು ಮಂದಿ. ಸ್ವಾಗತ ಆರು. ಸನ್ಮಾನ ಐದು. ಅಧ್ಯಕ್ಷರ ಹಿತನುಡಿ ಏಳು. ವಂದನಾರ್ಪಣಾ ಒಂದು ನಿಮಿಷ ಇಪ್ಪತ್ತು ಸೆಕೆಂಡು, ಕ್ಯಾಮೆರಾದವನ ಹೆಸರು ಎರಡು ಸಲ ಬಂದದ. ಮಕ್ಕಳಿಗೆ ಉಳದದ್ದು ಒಂದು ನಿಮಿಷ ನಲವತ್ತು ಸೆಕೆಂಡು. ಅದ್ರಾಗೂ ಒಂದು ಕೂಸು ಆಕಳಿಸ್ಲಿಕ್ಕತ್ತದ."

ಆಕಳಿಸುತ್ತಿದ್ದದ್ದು ನನ್ನ ಮಗಳು. ಅದನ್ನು ಹೇಳದೆ, "ಅಕ್ಕೋರೇ, ಹೇಗೋ ಸೈನ್ ಮಾಡಿಬಿಡಿ. ಶನಿವಾರ ಬೆಳಿಗ್ಗೆ ಏಳಕ್ಕೆ ಯಾರು ನೋಡ್ತಾರೆ?" ಎಂದು ಗೋಗರೆದೆ.

"ನಾ ನೋಡ್ತೀನಲ್ರೀ" ಎಂದರು. ಗದರಿಕೆಯೇನೂ ಇರಲಿಲ್ಲ ಅದರಲ್ಲಿ. ಆಮೇಲೆ ಐಸ್‌ಕ್ರೀಮ್ ಡಬ್ಬಿಯ ಮುಚ್ಚಳ ತೆಗೆದು ಒಗ್ಗರಣೆ ಅವಲಕ್ಕಿಯನ್ನು ನನ್ನ ಕಡೆ ಸರಿಸಿದರು. "ತಿನ್ರಿ. ಖಾಲಿ ಹೊಟ್ಟಿಗೆ ಅಂಜಿಕಿ ಜಾಸ್ತಿ."

ಎಷ್ಟೋ ಕಷ್ಟದ ಮಾತುಗಳನ್ನು ಅವರು ನನಗೆ ಅವಲಕ್ಕಿಯ ಜೊತೆಗೇ ತಿನ್ನಿಸಿದ್ದಾರೆ. ಈ ಸಲದ್ದು ಇದು: ಮುಂದಿನ ರೆಕಾರ್ಡಿಂಗಿಗೆ ತಾವೂ ಬಂದು ಕೂರುತ್ತಾರೆ, ಮಕ್ಕಳು ಕೇಳಿದ್ದಕ್ಕಷ್ಟೇ ದೊಡ್ಡವರು ಬಾಯಿ ತೆರೆಯಬೇಕು. ಅಧ್ಯಕ್ಷರಿಗೆ ತಿಳಿಸಿದಾಗ ಅವರು, "ಸ್ವಾಗತ ಭಾಷಣ ಇಲ್ದೆ ಕಾರ್ಯಕ್ರಮಾನಾ? ಬಂದೋರು ಏನಂದ್ಕೋತಾರೆ?" ಎಂದರು. ಬರುವವರು ನಾವೇ ಅಲ್ಲವೇ ಎಂದು ಕೇಳುವ ಧೈರ್ಯ ನನಗಿರಲಿಲ್ಲ.

ಆ ದಿನ ಅಧ್ಯಕ್ಷರು, ಒಂದು ವೇಳೆ ಬೇಕಾದೀತೆಂದು, ಶಾಲನ್ನು ಹೆಗಲ ಮೇಲೆ ಹಾಕಿಕೊಂಡೇ ಬಂದರು. ಏಳು ಮಕ್ಕಳು ನೆಲದ ಮೇಲೆ ಕೂತರು. ಕ್ಯಾಮೆರಾ ಓಡತೊಡಗಿತು. ಒಬ್ಬರೂ ತುಟಿ ಪಿಟಕ್ಕೆನ್ನಲಿಲ್ಲ. ಒಂದು ನಿಮಿಷ ಹೋಯಿತು, ಎರಡಾಯಿತು. ಅಕ್ಕೋರು ಸುಮ್ಮನೆ ಮಕ್ಕಳನ್ನು ನೋಡುತ್ತ ಕೂತಿದ್ದರು. ನನ್ನ ಕಣ್ಣ ಮುಂದೆ ಅರ್ಧ ಗಂಟೆ ಕರಗಿಹೋಗುತ್ತಿತ್ತು.

ಆಗ ಮಗಳು ಬಾಯಿ ತೆರೆದಳು. "ಅಂಕಲ್, ದಿಸ್ ಈಸ್ ದ ಸೇಮ್ ಶಾಲ್, ರೈಟ್? ಲಾಸ್ಟ್ ಟೈಮೂ ಇದೇ ಹಾಕಿದ್ರು."

ನಾನು ಕಣ್ಣು ಮುಚ್ಚಿಕೊಂಡೆ. ಅಧ್ಯಕ್ಷರು ಕೆಮ್ಮಿ, "ನೋಡು ಮಗೂ, ಸನ್ಮಾನ ಎನ್ನುವುದು ನಮ್ಮ ಭವ್ಯವಾದ ಪರಂಪರೆಯ..." ಎಂದು ಆರಂಭಿಸಿದರು.

"ಅದಲ್ಲ ಅಂಕಲ್. ಇದನ್ನ ಹೇಗೆ ಮಾಡ್ತಾರೆ?"

ಅಧ್ಯಕ್ಷರು ಮಾತು ನಿಲ್ಲಿಸಿದರು. ಭಾಷಣ ಮುಗಿಯುವ ಮೊದಲೇ ಅವರು ನಿಲ್ಲಿಸಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಹೆಗಲ ಶಾಲನ್ನು ತೆಗೆದು ಅದರ ಅಂಚನ್ನು ಬೆರಳಲ್ಲಿ ಉಜ್ಜಿ ನೋಡಿದರು. ಕೋಟು ಬಿಚ್ಚಿ ಕುರ್ಚಿಗೆ ಹಾಕಿ, ಮಕ್ಕಳ ನಡುವೆ ಚಕ್ಕಳಮಕ್ಕಳ ಹಾಕಿಕೊಂಡು ಕೂತರು. "ನಮ್ಮಪ್ಪ ನೇಯೋರು ಕಣಮ್ಮ" ಎಂದರು. "ದೊಡ್ಡಬಳ್ಳಾಪುರದಲ್ಲಿ. ನಾನು ಸ್ಕೂಲಿಗೆ ಹೋಗೋಕೆ ಮುಂಚೆ ದಿನಾ ಮಗ್ಗದ ಕಂಡಿಕೆಗೆ ನೂಲು ಸುತ್ತಿಕೊಟ್ಟು ಹೋಗ್ತಿದ್ದೆ." ಹತ್ತು ವರ್ಷದಿಂದ ಅವರ ಭಾಷಣ ಕೇಳುತ್ತಿದ್ದ ನಮಗೆ ಇದು ಗೊತ್ತಿರಲಿಲ್ಲ.

ಆಮೇಲೆ ಅವರು ಮಕ್ಕಳ ಶೂಗಳ ಲೇಸುಗಳನ್ನೆಲ್ಲ ಬಿಚ್ಚಿಸಿದರು. ಅಕ್ಕೋರ ನೋಟ್‌ಪ್ಯಾಡಿನ ಹಿಂದಿನ ರಟ್ಟನ್ನು ಕೇಳಿ ಹರಿದುಕೊಂಡು, ಅದರ ಅಂಚಿಗೆ ಕಚ್ಚು ಮಾಡಿ, ಲೇಸುಗಳನ್ನು ಉದ್ದಕ್ಕೆ ಬಿಗಿದರು. "ಉದ್ದಕ್ಕೆ ಹೋಗೋದು ಹಾಸು. ಅಡ್ಡಕ್ಕೆ ಬರೋದು ಹೊಕ್ಕು. ಒಂದರ ಮೇಲೆ, ಒಂದರ ಕೆಳಗೆ. ಹಾಂ, ಈಗ ನೀನು." ಮಗ್ಗದಲ್ಲಿ ಲಾಳಿ ಅತ್ತಿತ್ತ ಓಡುವ ಟಕಟಕ ಸದ್ದನ್ನೂ ಬಾಯಲ್ಲಿ ಮಾಡಿದರು. ಶಾಲಿನ ಕುಚ್ಚು ಬಿಚ್ಚಿ ಎಳೆ ತೋರಿಸಿದರು. ಮಕ್ಕಳು ಉಳಿದ ಕುಚ್ಚನ್ನೂ ಬಿಚ್ಚಿದರು. ಮೇಲೆ ವಿಮಾನವೊಂದು ಗುಡುಗಿಕೊಂಡು ಹೋಯಿತು. ಯಾರೂ ಚಾವಣಿ ನೋಡಲಿಲ್ಲ. ಕೊನೆಗೆ ಗಂಟುಗಳು ಬಿಚ್ಚದೆ ಮೂವರು ಮಕ್ಕಳು ಲೇಸಿಲ್ಲದ ಶೂಗಳನ್ನು ಎಳೆದುಕೊಂಡು ಪಾರ್ಕಿಂಗಿಗೆ ನಡೆದರು.

"ಮಕ್ಕಳಿಗೆ ಇಪ್ಪತ್ತೊಂದು ನಿಮಿಷ" ಎಂದು ಅಕ್ಕೋರು ಸಹಿ ಹಾಕಿದರು. ನಾನು ನೆಮ್ಮದಿಯ ಉಸಿರು ಬಿಡುವುದರೊಳಗೆ ಚೀಲದಿಂದ ನನ್ನ ಹಳೆಯ ಐದು ಫಾರಂಗಳನ್ನು ತೆಗೆದು ಮೇಜಿನ ಮೇಲಿಟ್ಟರು. "ಇವನ್ನ ಏನ್ ಮಾಡೂಣು?"

ನಾನು ಮೇಲಿನ ಫಾರಂನ ತಾರೀಖು ತೋರಿಸಿದೆ. "ನೀವು ಬಂದದ್ದಕ್ಕೆ ಮುಂಚಿನವು ಅಕ್ಕೋರೇ..."

"ಹೌದು. ನಾ ಇದರ ಮ್ಯಾಲೆ ಬರದ್ರ ಕಂಪ್ಲೇಂಟ್ ಆಗ್ತದ. ನೀವು ಬರದ್ರ ತಿದ್ದುಪಡಿ ಆಗ್ತದ. ಎಷ್ಟ್ ಛೊಲೊ ಬರೀತೀರಿ ನೀವು! ಖರೇನೂ ಹಿಂಗ ಬರೀಬಹುದಲ್ಲ?"

ನಾನು ಮೂರು ದಿನ ಯೋಚಿಸಿದೆ. ಅರ್ಧ ಗಂಟೆ ಹೋಗುವುದಂತೂ ಖಂಡಿತ. ಅದರ ಜೊತೆಗೆ ಕೆಲಸ ಹೋದೀತು, ದೇಶ ಬಿಟ್ಟು ಕಳಿಸಿಯಾರು ಎಂದೂ ಅನ್ನಿಸಿತು. ನಾನು ಸಿಟಿಜನ್ ಆಗಿ ಆರು ವರ್ಷವಾಗಿತ್ತು ಎಂಬುದನ್ನು ಹೆಂಡತಿ ನೆನಪಿಸಬೇಕಾಯಿತು. ನಾಲ್ಕನೆಯ ದಿನ ಹೊಸ ಫಾರಂ ತೆಗೆದುಕೊಂಡು ಆ ಚೌಕದಲ್ಲಿ 'ಏನೂ ಇಲ್ಲ' ಎಂದು ಬರೆದೆ. ಐದು ಸಲ ಬರೆದೆ. ಮೊದಲನೆಯದಕ್ಕೆ ಅರ್ಧ ಗಂಟೆ ಹಿಡಿಯಿತು, ಕೊನೆಯದಕ್ಕೆ ಅರೆ ನಿಮಿಷ.

ಮ್ಯಾನೇಜರ ಕೋಣೆಗೆ ಅಕ್ಕೋರೂ ಜೊತೆಗೆ ಬಂದರು. ಅವನು ಫಾರಂಗಳನ್ನು ನೋಡಿದ, ನನ್ನನ್ನು ನೋಡಿದ, ಒಂದು ವಾರ ಬಿಟ್ಟು ಉತ್ತರ ಕೊಟ್ಟ. ಕಾಗದಪತ್ರ ಹೋಗುವುದರೊಳಗೆ ಮಕ್ಕಳಿಗಾಗಿ ಇನ್ನೂ ಐದು ಅರ್ಧ ಗಂಟೆ ಮಾಡಿಕೊಟ್ಟರೆ ಜಾಗ ನಿಮ್ಮದು, ಇಲ್ಲವಾದರೆ ಇಲ್ಲ.

ಅಧ್ಯಕ್ಷರು ಫೋನಿನಲ್ಲೇ ಕೂಗಾಡಿದರು. "ಐದು ವಾರ ಸಿನಿಮಾ ಹಾಡಿಲ್ವಾ? ಸತ್ಯ ಹೇಳೋಕೆ ಸಂಘದ ಎಲೆಕ್ಷನ್ ಮುಗಿಯೋವರೆಗೂ ಕಾಯೋಕಾಗ್ಲಿಲ್ವೇನ್ರೀ ನಿಮಗೆ?" ಕೂಗಾಟ ಮುಗಿದ ಮೇಲೆ ದನಿ ತಗ್ಗಿಸಿ, "ನನ್ನನ್ನ ಇನ್ನೊಂದ್ಸಲ ಕರೀತಾರಾ ಕೇಳಿ. ನೂಲಿಗೆ ಬಣ್ಣ ಹಾಕೋದು ಹೇಳೋದು ಬಾಕಿ ಇದೆ" ಎಂದರು.

ಐದನ್ನೂ ಮಾಡಿದೆವು. ಮಕ್ಕಳು ಕೇಳುವುದು, ದೊಡ್ಡವರು ಕೈಯಲ್ಲಿ ಮಾಡಿ ತೋರಿಸುವುದು. ನಮ್ಮಲ್ಲೊಬ್ಬರು ಸಿಟಿ ಬಸ್ಸು ಓಡಿಸುತ್ತಿದ್ದರು; ಮಂಜಿನಲ್ಲಿ ಬ್ರೇಕು ಹೇಗೆ ಹಿಡಿಯುತ್ತದೆಂದು ಸೋಪು ಸವರಿದ ತಟ್ಟೆಯಲ್ಲಿ ತೋರಿಸಿದರು. ಕಾಲೇಜಿಗೆ ಬಂದಿದ್ದ ಮಂಡ್ಯದ ಹುಡುಗಿಯೊಬ್ಬಳು ಕರೆಂಟ್ ಒಲೆಯಲ್ಲಿ ಬೆಲ್ಲ ಕಾಯಿಸಿ ಪಾಕದ ಹದ ತೋರಿಸುವಾಗ ಸ್ಟುಡಿಯೋದ ಹೊಗೆ ಅಲಾರಂ ಬಡಿದುಕೊಂಡಿತು. ಅಲಾರಂ ಯಾಕೆ ಬಡಿಯುತ್ತದೆಂಬುದೂ ಪಾಠವಾಯಿತು. ಆ ನಾಲ್ಕು ನಿಮಿಷವನ್ನು ಅಕ್ಕೋರು ಲೆಕ್ಕಕ್ಕೆ ಹಿಡಿದರು. ನಮ್ಮ ಅರ್ಧ ಗಂಟೆ ಉಳಿಯಿತು. ಮನೆಯಲ್ಲಿ ಒಂದು ಉಪದ್ರವವೂ ಉಳಿಯಿತು: ಮಗಳು ಪ್ರಶ್ನೆ ಕೇಳುವುದನ್ನು ನಿಲ್ಲಿಸಲಿಲ್ಲ.

೨೦೧೯ರ ಕೊನೆಯಲ್ಲಿ ಅಕ್ಕೋರು ಆಸ್ಪತ್ರೆ ಸೇರಿದರು. ಹಾಸಿಗೆಯ ಮೇಲೆ ಚಿಕ್ಕದಾಗಿ ಕಾಣುತ್ತಿದ್ದರು. ನಾನು ಡಾಕ್ಟರು ಏನಂದರು, ಊಟ ಸೇರುತ್ತದಾ ಎಂದೆಲ್ಲ ವಿಚಾರಿಸತೊಡಗಿದರೆ ಕೈ ಅಡ್ಡ ಹಿಡಿದು, "ಅದೆಲ್ಲ ಇರ್ಲಿ. ಮಗಳು ಈಗ ಏನ್ ಕೇಳ್ಲಿಕ್ಕತ್ತಾಳ?" ಎಂದರು.

ಮಗಳಿಗೆ ಆಗ ಹನ್ನೆರಡು. ನಾನು ಹೇಳಿದೆ. "ಅಮ್ಮಂಗೆ ನೀನು ಇಷ್ಟ ಆಗಿದ್ದು ಯಾವತ್ತು? ಮದುವೆಗೆ ಮುಂಚೆಯಾ, ಆಮೇಲೆಯಾ? ಎಗ್ಸಾಕ್ಟ್ ದಿನ ಹೇಳು ಅಂತಾಳೆ ಅಕ್ಕೋರೇ."

ಅವರು ನಕ್ಕ ರಭಸಕ್ಕೆ ನರ್ಸು ಬಾಗಿಲಲ್ಲಿ ಇಣುಕಿದಳು. "ನೀವೇನ್ ಹೇಳಿದ್ರಿ?"

"ಅಮ್ಮನ್ನೇ ಕೇಳು ಅಂದೆ."

"ಅದು ಉತ್ತರ ಅಲ್ರೀ, ವರ್ಗಾವಣಾ. ನೀವು ಹೋಗಿ ಕೇಳ್ರಿ. ಆಮ್ಯಾಲೆ ನನಗ ಬಂದು ಹೇಳ್ರಿ."

ಅದೇ ಸಂಜೆ ಕೇಳಿದೆ. ಮದುವೆಯಾಗಿ ಹದಿನೇಳು ವರ್ಷವಾದರೂ ಕೇಳಿರಲಿಲ್ಲ. ಟೆಸ್ಟರುಗಳಿಗೆ ಕೆಲವು ಗುಂಡಿಗಳನ್ನು ಒತ್ತಲು ಭಯ. ಉತ್ತರವನ್ನು ಅಕ್ಕೋರಿಗೆ ಒಪ್ಪಿಸಲು ಶನಿವಾರ ಹೋಗುವವನಿದ್ದೆ. ಗುರುವಾರವೇ ಅವರ ಯಜಮಾನರ ಫೋನು ಬಂತು. ಹೇಳದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಹೆಂಡತಿ ಒಲೆ ಆರಿಸಿ ನನ್ನ ಕಡೆ ತಿರುಗಿದಳು. "ಇಲ್ಲಿಗೆ ಬಂದ ಮೊದಲನೇ ಚಳಿಗಾಲ. ಬಸ್ ಸ್ಟಾಪಲ್ಲಿ ನನಗೆ ಗಾಳಿ ತಾಗಬಾರದು ಅಂತ ನೀವು ಗಾಳಿ ಬರೋ ಕಡೆ ಬಂದು ನಿಂತ್ರಲ್ಲ, ಅವತ್ತು."

ಮಗಳು ಕುರ್ಚಿಯ ತುದಿಗೆ ಬಂದು ಕೂತಿದ್ದಳು. ಸುಮ್ಮನಿದ್ದಿದ್ದರೆ ನಾನು ಜನ್ಮಪೂರ್ತಿ ದೊಡ್ಡವನಾಗಿ ಉಳಿಯುತ್ತಿದ್ದೆ. ಅಕ್ಕೋರನ್ನು ಕಾಣುವುದಕ್ಕೆ ಮುಂಚಿನ ನಾನಾಗಿದ್ದರೆ ಖಂಡಿತ ಸುಮ್ಮನಿರುತ್ತಿದ್ದೆ.

"ಅದು... ನಾನು ಬಸ್ಸು ಬರ್ತಿದೆಯಾ ಇಲ್ವಾ ಅಂತ ಗಾಬರಿಯಾಗಿ ನೋಡೋಕೆ ಆ ಕಡೆ ಹೋಗಿ ನಿಂತಿದ್ದೆ" ಎಂದೆ.

"ಗೊತ್ತು" ಎಂದಳು ಹೆಂಡತಿ. "ಆದ್ರೂ ಗಾಳಿ ತಾಗ್ಲಿಲ್ವಲ್ಲ."