ಚುಕ್ಕಿಯಕ್ಕನ ಯಂತ್ರದ ಹಸಿರು ದೀಪ

ನನ್ನ ಅತ್ತಿಗೆಯ ಬಗ್ಗೆ ಬರೆ ಎಂದು ಯಾರಾದರೂ ಹೇಳಿದ್ದರೆ ಹಿಂದೆ ಮೂಗು ಮುರಿಯುತ್ತಿದ್ದೆ. ಅವಳನ್ನು ಹೊಗಳುವುದಕ್ಕೆ ಊರೆಲ್ಲ ಇದೆ, ನನ್ನದೊಂದು ಯಾಕೆ ಎನ್ನುತ್ತಿದ್ದೆ. ಈಗಲೂ ಹೊಗಳುವುದಕ್ಕೆ ಕೂತಿಲ್ಲ. ನಡೆದದ್ದನ್ನು ಹೇಳುತ್ತೇನೆ, ನನ್ನ ಹೊಟ್ಟೆಕಿಚ್ಚನ್ನೂ ಸೇರಿಸಿಯೇ ಹೇಳುತ್ತೇನೆ. ಅದನ್ನು ತೆಗೆದರೆ ಇದರಲ್ಲಿ ಕತೆಯೇ ಉಳಿಯುವುದಿಲ್ಲ.

ಕಣ್ಣು ಕಾಣದವರು ಬೆರಳಿನಿಂದ ಓದುವ ಪುಸ್ತಕಗಳನ್ನು ಅಚ್ಚು ಹಾಕುವ ಪ್ರೆಸ್ಸು ನಮ್ಮದು. ದಪ್ಪ ಕಾಗದದ ಮೇಲೆ ಉಬ್ಬು ಚುಕ್ಕಿಗಳನ್ನು ಮೂಡಿಸುವ ಬ್ರೈಲ್ ಯಂತ್ರ ಹಿಂದಿನ ಕೋಣೆಯಲ್ಲಿದೆ. ಅದು ಓಡುವಾಗ ಟಕಟಕ ಸದ್ದಿಗೆ ಗೋಡೆಯ ಕ್ಯಾಲೆಂಡರು ಅಲುಗಾಡುತ್ತದೆ, ಮೇಜಿನ ಮೇಲಿಟ್ಟ ಟೀ ಲೋಟ ತಾನಾಗಿ ಅಂಚಿಗೆ ಸರಿಯುತ್ತದೆ. ಅದನ್ನು ನಡೆಸುವವಳು ನನ್ನ ಅಣ್ಣನ ಹೆಂಡತಿ. ಆರನೆಯ ವಯಸ್ಸಿನಲ್ಲಿ ಜ್ವರ ಬಂದು ಅವಳ ದೃಷ್ಟಿ ಹೋಯಿತು. ಇಪ್ಪತ್ತಕ್ಕೆ ಈ ಪ್ರೆಸ್ಸು ಸೇರಿದವಳು ಇಪ್ಪತ್ತನಾಲ್ಕು ವರ್ಷದಿಂದ ಅಲ್ಲೇ ಇದ್ದಾಳೆ. ಎಲ್ಲರಿಗೂ ಅವಳು ಚುಕ್ಕಿಯಕ್ಕ. ನಾನು ಅಲ್ಲಿಯ ಕಂಪ್ಯೂಟರು, ನೆಟ್‌ವರ್ಕು ನೋಡಿಕೊಳ್ಳುವವಳು. ಪರೀಕ್ಷೆ ಬರೆದು, ಸಂದರ್ಶನ ಕೊಟ್ಟು, ಯಾರ ಶಿಫಾರಸ್ಸೂ ಇಲ್ಲದೆ ಕೆಲಸ ಗಿಟ್ಟಿಸಿದೆ. ಆದರೂ ಹನ್ನೊಂದು ವರ್ಷದಿಂದ ಅಲ್ಲಿ ನನಗಿರುವ ಹೆಸರು 'ಚುಕ್ಕಿಯಕ್ಕನ ನಾದಿನಿ'.

ಕಿಚ್ಚು ಹತ್ತಿದ್ದು ಅದಕ್ಕೂ ಮೊದಲು. ಅಣ್ಣ ಆ ಪ್ರೆಸ್ಸಿಗೆ ಕಾಗದ ತಂದು ಹಾಕುವ ವ್ಯಾನು ಓಡಿಸುತ್ತಿದ್ದ. ದಾರಿಯಲ್ಲಿ ಕಂಡದ್ದು, ಕೇಳಿದ್ದು, ನಕ್ಕದ್ದು ಎಲ್ಲವನ್ನೂ ಮನೆಗೆ ಬಂದು ಮೊದಲು ನನಗೆ ಹೇಳುತ್ತಿದ್ದವನು, ಮದುವೆಯಾದ ಮೇಲೆ ಎಲ್ಲವನ್ನೂ ಅವಳಿಗೆ ಹೇಳತೊಡಗಿದ. ಕಾಣದವಳಿಗೆ ವಿವರವಾಗಿ ಹೇಳಬೇಕಲ್ಲ ಎಂಬ ನೆವ ಬೇರೆ. ಆಮೇಲೆ ಅಮ್ಮನ ಸರದಿ. ಅಮ್ಮನ ಕಣ್ಣು ಮಂಜಾಗುತ್ತ ಬಂದಾಗ ನಾನು ಓಡಾಡಿ ದೊಡ್ಡ ಭೂತಗನ್ನಡಿ ತಂದುಕೊಟ್ಟೆ. ಅತ್ತಿಗೆ ಏನನ್ನೂ ತರಲಿಲ್ಲ, ಅಮ್ಮನ ಬೆರಳು ಹಿಡಿದು ಚುಕ್ಕಿ ಓದುವುದನ್ನು ಕಲಿಸಿದಳು. ಭೂತಗನ್ನಡಿ ಈಗ ಕಪಾಟಿನ ಮೇಲಿದೆ. ದಿನಾ ಸಂಜೆ ಅತ್ತೆ ಸೊಸೆ ಇಬ್ಬರೂ ಒಂದೇ ಮಂಚದ ಮೇಲೆ ಕೂತು, ಒಂದೇ ಪುಟದ ಮೇಲೆ ಕೈಯಾಡಿಸುತ್ತ ಕಿಸಕ್ಕನೆ ನಗುತ್ತಾರೆ. ಏನು ಎಂದು ಕೇಳಿದರೆ ನಿನಗೆ ಹೇಳಿದರೆ ಮಜಾ ಬರಲ್ಲ ಬಿಡು ಎನ್ನುತ್ತಾಳೆ ಅಮ್ಮ.

ನನಗೂ ಕಲಿಸುತ್ತೇನೆ ಎಂದು ಅತ್ತಿಗೆ ಎರಡು ಸಲ ಕರೆದಿದ್ದಳು. ಎರಡನೆಯ ಸಲ ನಾನು, "ನನಗೆ ಕಣ್ಣಿದೆಯಲ್ಲ," ಎಂದುಬಿಟ್ಟೆ. ಅವಳು ನಕ್ಕಳು. ಮೂರನೆಯ ಸಲ ಕರೆಯಲಿಲ್ಲ.

ಹಾಗಂತ ಅವಳು ದೇವತೆಯೇನಲ್ಲ. ಟೀಗೆ ಸಕ್ಕರೆ ಹಾಕುವಾಗ ತನ್ನ ಲೋಟಕ್ಕೆ ಒಂದು ಚಮಚ ಜಾಸ್ತಿ ಬೀಳುತ್ತದೆ. ರೇಡಿಯೋ ಹಾಕಿದರೆ ಪಕ್ಕದ ಮನೆಯವರಿಗೂ ಪುಕ್ಕಟೆ. ಬಸ್ಸಿನಲ್ಲಿ ಕಿಟಕಿಯ ಸೀಟು ಅವಳಿಗೇ ಬೇಕು. ನೀವು ಕಿಟಕಿಯಲ್ಲಿ ಏನು ನೋಡಬೇಕು ಎಂದು ಒಮ್ಮೆ ಕುಟುಕಿದ್ದಕ್ಕೆ, ಗಾಳಿಯನ್ನೂ ನೀನೇ ಗುತ್ತಿಗೆ ಹಿಡಿದಿದ್ದೀಯಾ ಎಂದು ಕೇಳಿ ಹಾಯಾಗಿ ಕೂತಿದ್ದಳು.

ಹೊಸ ಮ್ಯಾನೇಜರು ಬಂದು ಮೂರು ತಿಂಗಳಾಗಿತ್ತು. ಒಂದು ಶನಿವಾರ ಇಡೀ ಪ್ರೆಸ್ಸು ಸ್ವಚ್ಛ ಮಾಡಿಸಿದರು. ಅತ್ತಿಗೆ ಬೆಳಿಗ್ಗೆಯೇ ತನ್ನ ಯಂತ್ರವನ್ನು ಒರೆಸಿಟ್ಟು ಹೋದಳು. ಮಧ್ಯಾಹ್ನ ನಾನು ಅದರ ಹಿಂದಿನ ವೈರುಗಳನ್ನು ಸರಿಮಾಡಲು ಬಗ್ಗಿದೆ. ಅಲ್ಲಿ ಅಂಗೈಯಗಲದ ಹಳೆಯ ಡಬ್ಬಿಯೊಂದಿತ್ತು. ಯಂತ್ರದ ವೈರು ಅದರೊಳಗೆ ಹೋಗಿ, ಅದರಿಂದ ಇನ್ನೊಂದು ವೈರು ಗೋಡೆಗೆ ಹೋಗಿತ್ತು. ಡಬ್ಬಿಯ ಮೇಲೆ ಚುಕ್ಕಿಗಳಿದ್ದ ಪ್ಲಾಸ್ಟಿಕ್ ಪಟ್ಟಿ ಅಂಟಿಸಿತ್ತು.

ನನಗೆ ಮೈಯೆಲ್ಲ ಉರಿಯಿತು. ಮನೆ ಅವಳದಾಯಿತು, ಅಣ್ಣ ಅವಳವನಾದ, ಅಮ್ಮನೂ ಆಯಿತು. ನೆಟ್‌ವರ್ಕ್ ಒಂದು ನನ್ನದು ಅಂದುಕೊಂಡರೆ ಅದರಲ್ಲೂ ಕೈಯಾಡಿಸಿ ತನ್ನ ಚೀಟಿ ಅಂಟಿಸಿಟ್ಟಿದ್ದಾಳೆ. ಯಾರನ್ನೂ ಕೇಳಲಿಲ್ಲ, ಡಬ್ಬಿ ಕಿತ್ತು ವೈರನ್ನು ನೇರ ಗೋಡೆಗೆ ಸಿಕ್ಕಿಸಿದೆ. ಗುಜರಿ ರಾಶಿಗೆ ಹಾಕಿದರೆ ಅವಳ ಬೆರಳಿಗೆ ಸಿಕ್ಕೇ ಸಿಗುತ್ತದೆ ಎಂದು ಅದನ್ನು ನನ್ನ ಚೀಲದ ತಳಕ್ಕೆ ತುರುಕಿದೆ.

ಸೋಮವಾರ ಯಂತ್ರ ಹಾಕಿದರೆ ನೆಟ್‌ವರ್ಕಿನ ದೀಪ ಹತ್ತಲಿಲ್ಲ. ವೈರು ಚುಚ್ಚುವ ಕಿಂಡಿಯ ಪಕ್ಕದಲ್ಲಿ ಒಂದು ಪುಟ್ಟ ಹಸಿರು ದೀಪವಿದೆ. ಅದು ಹತ್ತಿದರೆ ಯಂತ್ರಕ್ಕೂ ಕಂಪ್ಯೂಟರಿಗೂ ಮಾತುಕತೆ ಇದೆ ಎಂದರ್ಥ. ಇಲ್ಲದಿದ್ದರೆ ಪುಟ ಕಳಿಸಿದರೂ ತಲುಪುವುದಿಲ್ಲ. ವೈರು ಬದಲಿಸಿದೆ. ಅದೇ ವೈರನ್ನು ನನ್ನ ಲ್ಯಾಪ್‌ಟಾಪಿಗೆ ಹಾಕಿದರೆ ಅಲ್ಲಿ ದೀಪ ಹತ್ತಿತು, ಅಂದರೆ ವೈರು ಸರಿಯಿದೆ. ಯಂತ್ರದ ಹಿಂಬದಿ ಬಿಚ್ಚಿ ನೆಟ್‌ವರ್ಕ್ ಕಾರ್ಡು ಹೊರತೆಗೆದು, ಅದರ ಅಂಚನ್ನು ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸಿದೆ. ಕಂಪ್ಯೂಟರಿನಲ್ಲಿ ಯಂತ್ರಕ್ಕೆ ಕೊಟ್ಟ ವಿಳಾಸ ನೋಡಿದೆ, ಆರಿಸಿ ಹಾಕಿದೆ. ಜಪ್ಪಯ್ಯ ಎಂದರೂ ಹತ್ತಲಿಲ್ಲ. ಕೊನೆಗೆ ಕಾರ್ಡಿನ ಮೇಲಿನ ಸಣ್ಣ ಅಕ್ಷರ ಓದಿದೆ. ಅದು ಓಬೀರಾಯನ ಕಾಲದ ಕಾರ್ಡು, ಸೆಕೆಂಡಿಗೆ ಹತ್ತು ಮೆಗಾಬಿಟ್ ವೇಗದಲ್ಲಿ ಮಾತ್ರ ಮಾತಾಡುತ್ತದೆ. ಎಲ್ಲ ವೈರುಗಳು ಬಂದು ಸೇರುವ ನಮ್ಮ ನೆಟ್‌ವರ್ಕ್ ಪೆಟ್ಟಿಗೆಯೋ ನೂರಕ್ಕಿಂತ ಕೆಳಗೆ ಇಳಿಯುವುದೇ ಇಲ್ಲ. ಇಬ್ಬರ ಭಾಷೆಯೂ ಬರುವವನೊಬ್ಬ ನಡುವೆ ಇರಲೇಬೇಕಿತ್ತು.

ಆ ಡಬ್ಬಿ. ಆಗ ಬೆಳಗಿನ ಹನ್ನೊಂದು ಗಂಟೆ.

ಡಬ್ಬಿ ಚೀಲದಲ್ಲೇ ಇತ್ತು, ತೆಗೆದು ಹೇಳಬಹುದಿತ್ತು. ಆದರೆ ಹೇಳಿದರೆ ಅತ್ತಿಗೆಗೆ ಗೊತ್ತಿದ್ದದ್ದು ನನಗೆ ಗೊತ್ತಿರಲಿಲ್ಲ ಎಂದು ಒಪ್ಪಿಕೊಂಡಂತೆ. ನಾನು ಸುಮ್ಮನೆ ಸ್ಕ್ರೂಡ್ರೈವರ್ ತಿರುಗಿಸುತ್ತ ಕೂತೆ. ಮ್ಯಾನೇಜರು ಬಂದು, ಯಂತ್ರದ ಹಿಂಬದಿಗೆ ಯಾರ ಕೈಯಾದರೂ ಹೋಗಿತ್ತೇ ಎಂದು ಕೇಳಿದರು. ಶನಿವಾರ ಚುಕ್ಕಿಯಕ್ಕ ಒರೆಸಿದ್ದನ್ನು ಅವರೇ ನೆನಪಿಸಿಕೊಂಡರು. ದನಿ ತಗ್ಗಿಸಿ, "ಕಾಣಲ್ಲ ನೋಡಿ, ತಡಕಾಡೋವಾಗ ಏನೋ ಕಿತ್ತುಬಿಟ್ಟಿರ್ತಾರೆ. ಅಲ್ವಾ?" ಎಂದರು.

"ಇರಬಹುದು ಸರ್," ಎಂದೆ.

ಅಷ್ಟೇ ಸಾಕಾಯಿತು. ಅವರು ಎಲ್ಲರೆದುರು ಅವಳನ್ನು ಕರೆಸಿ ಹೇಳಿದರು: ನಾಳೆ ಮಧ್ಯಾಹ್ನದೊಳಗೆ ಸರಿಹೋಗದಿದ್ದರೆ ಯಂತ್ರ ಗುಜರಿಗೆ, ಅಚ್ಚಿನ ಕೆಲಸ ಹೊರಗಡೆ ಕೊಡುವುದು. ಸರಿಹೋದರೂ ಅವಳು ಇನ್ನು ಅದನ್ನು ಮುಟ್ಟುವ ಹಾಗಿಲ್ಲ, ಪ್ರೂಫು ಓದುವ ಮೇಜಿಗೆ ಹೋಗಬೇಕು. ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ ನಿಂತಿದ್ದಳು. ಜಗಳಕ್ಕೆ ನಿಲ್ಲುತ್ತಾಳೆ ಅಂದುಕೊಂಡಿದ್ದೆ. "ನನ್ನ ಕೈಯೇ ತಾಗಿರಬಹುದು ಸರ್. ಗೊತ್ತಾಗಲಿಲ್ಲ. ವೈರಿನದೆಲ್ಲ ನಾದಿನಿ ನೋಡಿದ್ದಾಳಲ್ಲ," ಎಂದಳು. ನಾನಲ್ಲಿದ್ದ ಹನ್ನೊಂದು ವರ್ಷದಲ್ಲಿ ಅವಳು ತನ್ನ ಕೈಯನ್ನು ಅನುಮಾನಿಸಿದ್ದನ್ನು ನಾನು ಕೇಳಿರಲಿಲ್ಲ.

ನನಗೆ ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ. ಸಂಜೆ ಬಸ್ಸು ಹತ್ತುವ ತನಕವೂ ಖುಷಿಯೇ ಇತ್ತು. ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ ಹೋಗಲಿಲ್ಲ, ಈಚೆಗೆ ಕೂತು ಕಂಬಿ ಹಿಡಿದುಕೊಂಡಳು. ಕಿಟಕಿ ನನಗೆ ಸಿಕ್ಕಿತು. ಮನೆ ಬರುವವರೆಗೂ ನಾನು ಹೊರಗೆ ಏನು ನೋಡಿದೆನೋ ನನಗೇ ಗೊತ್ತಿಲ್ಲ.

ಮನೆಯಲ್ಲಿ ಅವಳು ನೇರ ಅಡುಗೆಮನೆಗೆ ಹೋದಳು. ರೇಡಿಯೋ ಹಾಕಲಿಲ್ಲ. ಅಮ್ಮ ತನ್ನ ಕಣ್ಣಿನ ಡ್ರಾಪ್ಸ್ ತಂದೆಯಾ ಎನ್ನುತ್ತ, ನಾನು ಕಾಲು ತೊಳೆದು ಬರುವಷ್ಟರಲ್ಲಿ ನನ್ನ ಚೀಲಕ್ಕೆ ಕೈ ಹಾಕಿದ್ದಳು. ಕೈಗೆ ಡಬ್ಬಿ ಸಿಕ್ಕಿತು. ಈಗೀಗ ಅಮ್ಮನಿಗೆ ಚುಕ್ಕಿ ತಾಗಿದರೆ ಸಾಕು, ಬೆರಳು ತಾನಾಗಿ ಓಡುತ್ತದೆ. ನಾನು ಬೇಡ ಎನ್ನುವ ಮೊದಲೇ ಜೋರಾಗಿ ಓದತೊಡಗಿದಳು.

"ಈ... ಡಬ್ಬಿ... ನನ್ನ... ನಾದಿನಿ... ಹಾಕಿದ್ದು." ಅಮ್ಮ ತಲೆ ಎತ್ತಿದಳು. "ನಾದಿನಿ ಅಂದ್ರೆ ನೀನೇ ಅಲ್ವೇನೇ?"

ಪಟ್ಟಿಯಲ್ಲಿ ಉಳಿದದ್ದನ್ನು ಅತ್ತಿಗೆ ಅಡುಗೆಮನೆಯಿಂದಲೇ ಹೇಳಿದಳು. "ಯಾರೂ ತೆಗೆಯಬೇಡಿ. ಏನಾದರೂ ಆದರೆ ಅವಳನ್ನೇ ಕೇಳಿ, ಅವಳಿಗೆ ಗೊತ್ತು."

ಆಗ ನೆನಪಾಯಿತು. ಹತ್ತು ವರ್ಷದ ಹಿಂದೆ, ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ, ಹೊಸ ನೆಟ್‌ವರ್ಕ್ ಪೆಟ್ಟಿಗೆ ಬಂದ ದಿನವೂ ಆ ದೀಪ ಹತ್ತಿರಲಿಲ್ಲ. ಆಗಲೂ ಯಂತ್ರ ಗುಜರಿಗೆ ಎಂದಿದ್ದರು. ನಾನೇ ಹಳೇ ಸಾಮಾನಿನ ರಾಶಿ ಕೆದಕಿ ಈ ಡಬ್ಬಿ ಹುಡುಕಿ, ಎರಡು ದಿನದ ಮಟ್ಟಿಗೆ ಇರಲಿ ಎಂದು ನಡುವೆ ಸಿಕ್ಕಿಸಿದ್ದೆ. ಯಂತ್ರ ಓಡಿತು. ಚುಕ್ಕಿಯಕ್ಕನ ಯಂತ್ರ ಉಳಿಯಿತು ಎಂದು ಎಲ್ಲರೂ ಅವಳ ಕೈ ಕುಲುಕಿದರು. ಅದಕ್ಕೆ ನಾನು ಎಷ್ಟು ಉರಿದುಹೋಗಿದ್ದೆನೆಂದರೆ, ಉರಿ ನೆನಪಿನಲ್ಲಿ ಉಳಿದು ಡಬ್ಬಿ ಮರೆತೇಹೋಗಿತ್ತು.

ಅತ್ತಿಗೆ ಬಾಗಿಲಿಗೆ ಬಂದು ನಿಂತಳು. "ಅದು ನಿನ್ನ ಚೀಲದಲ್ಲಿ ಯಾಕಿದೆ?"

"ಶನಿವಾರ ನಾನೇ ಕಿತ್ತೆ. ನೀವು ಹಾಕಿದ್ದು ಅಂದ್ಕೊಂಡು."

"ಸರ್ ಕೇಳಿದಾಗ ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು."

ಅವಳು ಒಳಗೆ ಹೋಗಿ ರೇಡಿಯೋ ಹಾಕಿದಳು, ಇದ್ದಷ್ಟೂ ಜೋರಾಗಿ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅಮ್ಮ ಡಬ್ಬಿಯನ್ನು ನನ್ನ ಕೈಗಿಟ್ಟು ಎದ್ದುಹೋದಳು.

ಮರುದಿನ ಬೆಳಿಗ್ಗೆ ಎಲ್ಲರೂ ಸೇರಿದ್ದಾಗಲೇ ಮ್ಯಾನೇಜರಿಗೆ ಹೇಳಿದೆ, ಯಾಕೆಂದರೆ ಅವಳ ಮೇಲೆ ತಪ್ಪು ಹೊರಿಸಿದ್ದೂ ಎಲ್ಲರೆದುರೇ. ಕಿತ್ತವಳು ನಾನು, ಗೊತ್ತಿದ್ದೂ ಬಾಯಿ ಬಿಡದವಳೂ ನಾನು ಎಂದೆ. ಅವರು ನನಗೆ ಲಿಖಿತ ವಿವರಣೆ ಕೊಡಿ ಎಂದರು, ಅವಳ ಕಡೆ ತಿರುಗಿ ಯಂತ್ರ ನೀವೇ ನೋಡಿಕೊಳ್ಳಿ ಎಂದು ಗೊಣಗಿದರು. ನಾನು ಡಬ್ಬಿಯನ್ನು ಮತ್ತೆ ನಡುವೆ ಸಿಕ್ಕಿಸಿದೆ.

"ಬಂತಾ?" ಎಂದು ಅತ್ತಿಗೆ ಕೇಳಿದಳು.

"ಬಂತು," ಎಂದೆ. ಹಸಿರು ದೀಪ ಹತ್ತಿತ್ತು. ಯಂತ್ರ ಟಕಟಕ ಎಂದಿತು, ಟೀ ಲೋಟ ಅಂಚಿಗೆ ಹೊರಟಿತು, ಅವಳು ನೋಡದೆಯೇ ಕೈ ಚಾಚಿ ಅದನ್ನು ಹಿಂದಕ್ಕೆ ಸರಿಸಿದಳು. ಅವತ್ತು ಸಂಜೆ ಬಸ್ಸಿನಲ್ಲಿ ಕಿಟಕಿ ಮತ್ತೆ ಅವಳದಾಯಿತು.

ಹಳೆಯ ಪಟ್ಟಿ ಕೊಳೆಯಾಗಿದೆ ಎಂದು ಅವಳು ಅದೇ ವಾರ ಹೊಸದೊಂದು ಮಾಡಿ ಡಬ್ಬಿಗೆ ಅಂಟಿಸಿದಳು. ಏನು ಬರೆದಿದ್ದೀರಿ ಎಂದು ಕೇಳಿದೆ.

"ಕಣ್ಣಿದೆಯಲ್ಲ, ಓದ್ಕೋ," ಎಂದಳು.

ಅಮ್ಮನಿಗೆ ಅದು ಏನೆಂದು ಗೊತ್ತು. ಇಬ್ಬರೂ ಮಂಚದ ಮೇಲೆ ಕೂತು ನಗುತ್ತಾರೆ, ನನಗೆ ಹೇಳುವುದಿಲ್ಲ. ಹಾಗಾಗಿ ಕಲಿಯುತ್ತಿದ್ದೇನೆ, ಅತ್ತಿಗೆಯ ಹತ್ತಿರ ಅಲ್ಲ, ಅಮ್ಮನ ಹತ್ತಿರ. ನಿನ್ನತ್ತಿಗೆ ಹೇಳಿಕೊಟ್ಟಷ್ಟು ಚೆನ್ನಾಗಿ ನನಗೆ ಬರಲ್ಲ ಕಣೇ ಎಂದು ಅಮ್ಮ ದಿನಕ್ಕೊಮ್ಮೆ ಹೇಳುತ್ತಾಳೆ, ನಾನು ದಿನಕ್ಕೊಮ್ಮೆ ಹಲ್ಲು ಕಚ್ಚುತ್ತೇನೆ. ಊಟದ ಹೊತ್ತಿನಲ್ಲಿ ಅತ್ತಿಗೆ ಆಚೆ ಹೋದಾಗ ಯಂತ್ರದ ಹಿಂದೆ ಬಗ್ಗಿ ಪಟ್ಟಿಯ ಮೇಲೆ ಬೆರಳಾಡಿಸುತ್ತೇನೆ. 'ಈ ಡಬ್ಬಿ ನನ್ನ' ಎಂಬಲ್ಲಿಯವರೆಗೆ ಹಳೆಯದೇ. ಅದರ ಮುಂದೆ, 'ನಾದಿನಿ' ಬರುವ ಮೊದಲು, ಹೊಸ ಪದವೊಂದು ಸೇರಿದೆ. ಉದ್ದದ್ದು. ನಿನ್ನೆ 'ಹೊಟ್ಟೆ' ಎಂಬಲ್ಲಿಯ ತನಕ ಬಂದಿದ್ದೇನೆ. ಉಳಿದದ್ದು ಓದದೆಯೂ ಗೊತ್ತು, ಆದರೂ ಇವತ್ತು ಮಧ್ಯಾಹ್ನ ಮತ್ತೆ ಹೋಗುತ್ತೇನೆ.