ರೇಡಿಯೊದಲ್ಲಿ ನಕ್ಕವರು

ಕೇಳಿ ಗೆಳೆಯರೇ, ಇವತ್ತು ಮಧ್ಯಾಹ್ನ ಹೋಳಿಗೆ ಊಟ ಮುಗಿಸಿ ಮಧುಗಿರಿಯ ನಮ್ಮ ಬೀದಿಯವರೆಲ್ಲ ನಮ್ಮ ಮನೆಯ ರೇಡಿಯೊ ಮುಂದೆ ಕೂತಿದ್ದೆವು. ಸಿನಿಮಾ ತಾರೆಯರೆಲ್ಲ ಸೇರಿದ ದೀಪಾವಳಿ ವಿಶೇಷ, ಬೆಂಗಳೂರಿನಿಂದ ನೇರ ಪ್ರಸಾರ! ಹಾಡು ಸಪ್ಪೆ, ಹಾಸ್ಯ ಹಳಸಲು. ನಮ್ಮಲ್ಲಿ ಒಬ್ಬರೂ ನಗಲಿಲ್ಲ. ರೇಡಿಯೊದೊಳಗಿನ ಸಭೆಯಲ್ಲಿ ಮಾತ್ರ ಯಾರೋ ಬಿಕ್ಕಳಿಸುತ್ತಾ ನಗುತ್ತಿದ್ದರು.

ಪಕ್ಕದ ಮನೆಯ ಗಂಗಮ್ಮ ಬೆಚ್ಚಿಬಿದ್ದರು. "ನಮ್ಮೆಜಮಾನ್ರು ಇಂಗೇ ನಗ್ತಿದ್ರು ಕಣಣ್ಣ!"

ಅವರ ಯಜಮಾನರು ತೀರಿಕೊಂಡು ಎರಡು ತಿಂಗಳಾಗಿದೆ.

"ಹಳೇ ರೆಕಾರ್ಡು ಇರಬೇಕಮ್ಮ," ಎಂದರು ಅಪ್ಪ.

"ಅವ್ರು ಬೆಂಗ್ಳೂರನ್ನೇ ಕಂಡಿರ್ಲಿಲ್ವಲ್ಲಣ್ಣ."

ಅದೇ ನಗು ಮತ್ತೆ ಕೇಳಿಸಿತು. ಈ ಸಲ ನಮಗೆಲ್ಲ ಗುರುತು ಸಿಕ್ಕಿತು. ರೇಡಿಯೊ ಆರಿಸಲು ಹೋದ ಅಪ್ಪನ ಕೈಯನ್ನು ಗಂಗಮ್ಮ ತಡೆದರು. "ಆರಿಸ್ಬ್ಯಾಡಣ್ಣ, ಇನ್ನೊಂದು ಜೋಕು ಹೇಳ್ಬುಡ್ಲಿ."

ಅಷ್ಟೊಂದು ತಾರೆಯರು ಸೇರಿ ನಮ್ಮ ಬೀದಿಯವರಲ್ಲಿ ನಗಿಸಿದ್ದು ಗಂಗಮ್ಮನ ಯಜಮಾನರೊಬ್ಬರನ್ನೇ.