ಉದ್ದಣ್ಣನಿಗೆ ಹೊಂದುವ ಗಾಡಿ

ಬೀದಿಯ ಉಳಿದ ಅಂಗಡಿಯವರೆಲ್ಲ ಷಟರು ಎತ್ತಲು ಕೊಕ್ಕೆಕೋಲು ಹುಡುಕುತ್ತಾರೆ. ಉದ್ದಣ್ಣ ಬರಿಗೈಯಲ್ಲಿ ಮೇಲಕ್ಕೆ ತಳ್ಳಿ, ಪೂರ್ತಿ ಎತ್ತಿದ ಷಟರಿನಡಿಯೂ ಬಗ್ಗಿಯೇ ಒಳಗೆ ಹೋಗುತ್ತಾರೆ. ಬೆಳಗಿನ ಬಿಸಿಲು ಬೀದಿಗೆ ಇಳಿಯುವ ಮೊದಲು ಅವರ ಬೋಳು ನೆತ್ತಿಯ ಮೇಲೆ ಕೂತು ದಣಿವಾರಿಸಿಕೊಳ್ಳುತ್ತದೆ ಎಂದು ಅಕ್ಕಪಕ್ಕದವರು ಹೇಳುತ್ತಾರೆ. ಸುಳ್ಳಿರಲಿಕ್ಕಿಲ್ಲ. ಆಳು ಬರೀ ಎತ್ತರವಲ್ಲ, ಅಗಲವೂ ಅಷ್ಟೇ. ಅವರು ಬಾಗಿಲಲ್ಲಿ ನಿಂತರೆ ಅಂಗಡಿಯೊಳಗೆ ದೀಪ ಹಾಕಬೇಕಾಗುತ್ತದೆ.

ಇದು ಮೋಟಾರ್ ಬೈಕಿನ ಸೀಟು ಹೊಲಿಯುವ ಅಂಗಡಿ. ಬೆಂಚಿನ ಮೇಲೆ ಅಗಲವಾದ ತಗಡಿನ ತಟ್ಟೆ, ಅದರ ತುಂಬ ಒದ್ದೆ ಮರದ ಹೊಟ್ಟು. ಉದ್ದಣ್ಣ ಅದನ್ನು ಅಂಗೈಯಿಂದ ತಟ್ಟಿ ಸಮ ಮಾಡಿ, ಮೇಲೊಂದು ತೆಳು ಪ್ಲಾಸ್ಟಿಕ್ ಹಾಳೆ ಹಾಸುತ್ತಾರೆ. ದೂರದ ಪ್ರಯಾಣಕ್ಕೆ ಹೊರಟ ಬ್ಯಾಂಕ್ ನೌಕರರೊಬ್ಬರು ಸಂಕೋಚದಿಂದ ನಿಂತಿದ್ದಾರೆ.

"ಕೂತ್ಕೊಳ್ಳಿ ಸಾರ್. ನಾಚ್ಕೋಬೇಡಿ, ಹೊಟ್ಟು ಯಾರ ಹತ್ರಾನೂ ಹೇಳಲ್ಲ."

ಅವರು ಕೂತು ಏಳುತ್ತಾರೆ. ಹೊಟ್ಟಿನಲ್ಲಿ ಎರಡು ಗುಂಡಿ ಮೂಡಿವೆ. ಉದ್ದಣ್ಣ ಬಗ್ಗಿ, ಜ್ಯೋತಿಷಿ ಅಂಗೈ ನೋಡುವ ಗಾಂಭೀರ್ಯದಲ್ಲಿ ಅವನ್ನು ನೋಡುತ್ತಾರೆ.

"ಬಲಗಡೆ ಗುಂಡಿ ಆಳ. ಹಿಂದಿನ ಜೇಬಲ್ಲಿ ಪರ್ಸ್ ಇಟ್ಕೊಂಡೇ ಓಡಿಸ್ತೀರಾ? ಅದನ್ನ ತೆಗೆದುಬಿಡಿ, ಅರ್ಧ ನೋವು ಹೋಗುತ್ತೆ. ಉಳಿದರ್ಧಕ್ಕೆ ನಾನಿದ್ದೀನಿ."

ಒಳಗೆ ಹೊಲಿಗೆ ಯಂತ್ರದ ಮುಂದೆ ಕೂತ ಅವರ ಹೆಂಡತಿ ತಲೆಯೆತ್ತದೆ ಸೇರಿಸುತ್ತಾರೆ: "ತೆಗೆದಿದ್ದನ್ನ ಇಲ್ಲೇ ಬಿಟ್ಟು ಹೋದ್ರೆ ನಮ್ಮ ನೋವೂ ಹೋಗುತ್ತೆ ಸಾರ್."

ದಿನಕ್ಕೆ ನಾಲ್ಕೈದು ಸೀಟು ಇಲ್ಲಿ ತಯಾರಾಗುತ್ತವೆ. ಗುಂಡಿಯ ಆಳಕ್ಕೆ ತಕ್ಕಂತೆ ಫೋಮ್ ಕೊರೆಯುವುದು ಉದ್ದಣ್ಣ, ಅದಕ್ಕೆ ಹೊದಿಕೆ ಹೊಲಿಯುವುದು ಹೆಂಡತಿ. ಈ ಸೀಟಿನ ಮೇಲೆ ಕೂತವರು ಮರುಭೂಮಿ ದಾಟಿದ್ದಾರೆ, ಹಿಮ ಕಂಡಿದ್ದಾರೆ, ಒಬ್ಬ ಮಹಾನುಭಾವ ಎಷ್ಟು ಸುಖವಾಗಿ ಕೂತನೆಂದರೆ ಊರು ಬಂದಿದ್ದೇ ತಿಳಿಯದೆ ಮುಂದಿನ ದೇಶದ ಗಡಿ ಮುಟ್ಟಿದನಂತೆ. ಹಿಂತಿರುಗಿದವರೆಲ್ಲ ಅಂಗಡಿಗೆ ಬಂದು ಫೋಟೋ ತೋರಿಸುತ್ತಾರೆ. ಉದ್ದಣ್ಣ ಒಂದೊಂದನ್ನೂ ಬೆರಳಲ್ಲಿ ಹಿಗ್ಗಿಸಿ ನೋಡುತ್ತಾರೆ. ಬೆಟ್ಟದ ರಸ್ತೆಯ ಫೋಟೋ ಬಂದರೆ ಮಾತ್ರ ಫೋನು ಬೇಗ ವಾಪಸು ಕೊಡುವುದಿಲ್ಲ.

ಬೆಟ್ಟದ ಸಾಲಿನ ಆಚೆ ಅವರ ಅಕ್ಕನ ಮನೆ. ಅಕ್ಕನೂ ಇವರಷ್ಟೇ ಎತ್ತರ, ಒಂದೇ ಬಿದಿರುಗಳವನ್ನು ಉದ್ದಕ್ಕೆ ಸೀಳಿ ಎರಡಕ್ಕೂ ಬಟ್ಟೆ ತೊಡಿಸಿದಂತೆ. ಚಿಕ್ಕಂದಿನಲ್ಲಿ ಇಬ್ಬರೂ ಬೀದಿಗೆ ಬಂದರೆ ಊರಿನ ಗಾಳಿಪಟಗಳೆಲ್ಲ ಪಕ್ಕಕ್ಕೆ ಸರಿಯುತ್ತಿದ್ದವಂತೆ. ಒಬ್ಬರನ್ನೊಬ್ಬರು ನೋಡಿ ವರ್ಷಗಳೇ ಕಳೆದಿವೆ. ಜಗಳವಿಲ್ಲ, ಮನಸ್ತಾಪವಿಲ್ಲ. ಇಬ್ಬರಿಗೂ ಬಸ್ಸು ಕಾರಿನಲ್ಲಿ ಜಾಗವಿಲ್ಲ, ಅಷ್ಟೇ.

ಮೊದಲು ಉದ್ದಣ್ಣ ಬಸ್ಸಿನ ಬಾಡಿ ಕಟ್ಟುವ ಕಾರ್ಖಾನೆಯಲ್ಲಿ ಸೀಟು ಹೊಲಿಯುತ್ತಿದ್ದರು. ಅಲ್ಲೇ ಒಂದು ಕಬ್ಬಿಣದ ಚೌಕಟ್ಟು ಎಡ ಮೊಣಕಾಲಿನ ಮೇಲೆ ಬಿತ್ತು. ಅಂದಿನಿಂದ ಕಾಲು ಮಡಚಿ ತುಸು ಹೊತ್ತು ಕೂತರೆ ಮೊಣಕಾಲು ಹಿಡಿದುಕೊಳ್ಳುತ್ತದೆ, ಇಬ್ಬರು ಎಳೆದರೂ ಬಿಡುವುದಿಲ್ಲ. ಬೆಟ್ಟದಾಚೆಗೆ ರೈಲಿಲ್ಲ. ಕಾರಿನಲ್ಲಿ ಹೊರಟ ಒಂದು ಸಲ ದಾರಿಯಲ್ಲೇ ಇಳಿಸಿ ಆಸ್ಪತ್ರೆಗೆ ಸೇರಿಸಬೇಕಾಯಿತು.

"ಬಸ್ಸಿನ ಕತೆ ಇನ್ನೂ ಚಂದ," ಎನ್ನುತ್ತಾರೆ ಉದ್ದಣ್ಣ. "ಇನ್ನೊಂದು ಸಾಲು ಹಿಡಿಸ್ಬೇಕು ಅಂತ ಯಜಮಾನ್ರು ಹೇಳಿದ್ರು, ಸೀಟುಗಳನ್ನ ಹತ್ತಿರ ಹತ್ತಿರ ಕೂರಿಸಿದವನು ನಾನೇ. ಈಗ ಆ ಸಂದಿಯಲ್ಲಿ ನನ್ನ ಕಾಲೇ ತೂರಲ್ಲ. ಯಾರನ್ನ ಬೈಯೋದು?"

ಉಳಿದದ್ದು ಬೈಕು. ಹೀಗೆ ಶುರುವಾಯಿತು ಅವರ ಹುಡುಕಾಟ. ಹೆಣ್ಣು ಗಂಡು ನೋಡುವವರೂ ಇಷ್ಟು ಮನೆ ಹತ್ತಿ ಇಳಿದಿರಲಾರರು. ಮೊದಲ ಬೈಕಿನಲ್ಲಿ ಮೊಣಕಾಲು ಹ್ಯಾಂಡಲಿಗೆ ತಾಗಿ, ತಿರುವಿನಲ್ಲಿ ಗಾಡಿ ತಿರುಗಿಸುತ್ತಿದ್ದದ್ದು ಕೈಯೋ ಕಾಲೋ ತಿಳಿಯುತ್ತಿರಲಿಲ್ಲ. ಎರಡನೆಯದು ಓಟದ ಬೈಕು. ಅದರ ಮೇಲೆ ಬೋರಲು ಮಲಗಿ ಹೋದ ಉದ್ದಣ್ಣನನ್ನು ನೋಡಿ, ಯಾರೋ ಕಬ್ಬಿಣದ ಬೀರು ಸಾಗಿಸುತ್ತಿದ್ದಾರೆಂದು ಪೊಲೀಸರು ತಡೆದರಂತೆ. ಮೂರನೆಯದು ಕಾಡುಮೇಡು ಹತ್ತುವ ಎತ್ತರದ ಗಾಡಿ. ಕಾಲಿಗೇನೋ ಜಾಗ ಸಿಕ್ಕಿತು. ಆದರೆ ಹಿಂದೆ ಕೂರಲು ಹೆಂಡತಿಗೆ ಸ್ಟೂಲು ಬೇಕು, ಇಳಿಯಲು ಧೈರ್ಯ ಬೇಕು.

"ನಾನು ಕೆಳಗೆ ನಿಂತು ಕೇಳ್ದೆ: ರೀ, ಮೇಲೆ ಮೋಡ ಹೇಗಿದೆ ಅಂತ," ಎಂದು ಆಕೆ ನಗುತ್ತಾರೆ.

ಕಳೆದ ಬೇಸಿಗೆಯಲ್ಲಿ ಎದುರಂಗಡಿಯ ಮೆಕ್ಯಾನಿಕ್ ದೂರ ಪ್ರಯಾಣದ ಒಂದು ಹಳೆಯ ಟೂರಿಂಗ್ ಬೈಕು ತಂದು ನಿಲ್ಲಿಸಿದರು. ಎಮ್ಮೆಯಂಥ ಮೈ, ಗಂಭೀರ ಸದ್ದು, ಮುಂದೆ ಗಾಳಿ ತಡೆಯುವ ಗಾಜು, ಇಬ್ಬರು ಧಾರಾಳವಾಗಿ ಕೂರುವಷ್ಟು ಉದ್ದ. ಉದ್ದಣ್ಣ ಹತ್ತಿ ಕೂತರು. ಗಾಡಿ ಒಮ್ಮೆ ನಿಟ್ಟುಸಿರಿಟ್ಟು ಒಪ್ಪಿಕೊಂಡಿತು. ಆ ಹೊತ್ತಿಗೇ ಅಕ್ಕನ ಫೋನು.

"ಪುಟ್ಟಾ, ಡಾಕ್ಟ್ರು ಕಣ್ಣು ಮಂಜಾಗ್ತಾ ಇದೆ ಅಂದ್ರು. ಇನ್ನು ಸರಿ ಹೋಗಲ್ವಂತೆ. ನೀನು ಅಷ್ಟು ದೊಡ್ಡ ಆಳು, ಬಂದಿದ್ದಂತೂ ಕಂಡೇ ಕಾಣುತ್ತೆ. ಮುಖ ಕಾಣೋದು ಬೇಡ್ವೇನೋ?"

ಈ ಭೂಮಿಯ ಮೇಲೆ ಅವರನ್ನು ಪುಟ್ಟಾ ಎಂದು ಕರೆಯುವವರು ಅಕ್ಕ ಒಬ್ಬರೇ. ಉದ್ದಣ್ಣ ಫೋನು ಇಟ್ಟು, ಅಂದೇ ಸೀಟು ಬಿಚ್ಚಿದರು.

ತಪ್ಪಾಗಿದ್ದು ಅಲ್ಲೇ. ಮೊಣಕಾಲು ಮಡಚಬಾರದೆಂದು ಫೋಮಿನ ಮೇಲೆ ಫೋಮ್ ಏರಿಸಿ ಅವರು ಕಟ್ಟಿದ್ದು ಸೀಟಲ್ಲ, ಸಿಂಹಾಸನ. ಬೀದಿಯವರೆಲ್ಲ ಬಂದು ಒತ್ತಿ ನೋಡಿ ಹೊಗಳಿದರು. ಮೆಕ್ಯಾನಿಕ್ ಒಬ್ಬರೇ ತಲೆ ಕೆರೆದುಕೊಂಡರು: "ಅಣ್ಣಾ, ಹ್ಯಾಂಡಲ್ಲೂ ಸ್ವಲ್ಪ ಎತ್ತೋಣ."

"ನೀನು ಇಂಜಿನ್ ನೋಡ್ಕೋ. ಕೂರೋದು ಹೇಗೆ ಅಂತ ನಂಗೆ ಹೇಳ್ಕೊಡ್ಬೇಡ."

ಅಕ್ಕನ ಊರಿಗೆಂದು ಬೆಳಗ್ಗೆ ಹೊರಟವರು ಮಧ್ಯಾಹ್ನದೊಳಗೆ ವಾಪಸು. ಕಾಲು ಸುಖವಾಗಿತ್ತು. ಆದರೆ ತಲೆ ಗಾಜಿನ ಮೇಲಕ್ಕೆ ಹೋಗಿ, ಗಾಳಿ ಹೆಲ್ಮೆಟ್ಟನ್ನು ಡೋಲಿನಂತೆ ಬಾರಿಸಿತ್ತು. ಕೆಳಗೆಲ್ಲೋ ಉಳಿದ ಹ್ಯಾಂಡಲಿಗೆ ಬಾಗಿ ಬಾಗಿ ಅಂಗೈ ಜೋಮು ಹಿಡಿದು, ಬ್ರೇಕು ಎಲ್ಲಿದೆಯೆಂದೇ ತಿಳಿಯುತ್ತಿರಲಿಲ್ಲ. ಅತ್ತ ಅಕ್ಕ ಬೆಳಗಿನಿಂದ ಗೇಟಿನಲ್ಲೇ ನಿಂತಿದ್ದರು.

"ಗಾಡಿ ಕೆಟ್ಟೋಯ್ತು ಅಕ್ಕಾ," ಎಂದುಬಿಟ್ಟರು ಇವರು ಫೋನಿನಲ್ಲಿ.

ಮೆಕ್ಯಾನಿಕ್ ಕೇಳಿಸಿಕೊಂಡರು. "ನಾನು ಬಿಚ್ಚಿ ಕಟ್ಟಿದ ಗಾಡಿ ಕೆಟ್ಟೋಯ್ತಾ?" ಎಂದವರು ಆಮೇಲೆ ವಾರಗಟ್ಟಲೆ ಈ ಕಡೆ ಮುಖ ಹಾಕಲಿಲ್ಲ. ಗಾಡಿ ಅಂಗಡಿಯ ಮೂಲೆ ಸೇರಿತು. ಉದ್ದಣ್ಣ ಊರವರ ಸೀಟು ಹೊಲಿಯುತ್ತ, ಬಿಡುವಾದಾಗ ತಮ್ಮ ಸೀಟಿಗೆ ಇನ್ನೊಂದು ಪದರ ಅಂಟಿಸುತ್ತ ಉಳಿದರು.

ಕೊನೆಗೆ ಹೆಂಡತಿ ಅಳತೆ ಟೇಪು ಹಿಡಿದು ಬಂದರು. ಗಂಡನನ್ನು ಗಾಡಿಯ ಮೇಲೆ ಕೂರಿಸಿ ಭುಜದಿಂದ ಅಂಗೈಗೆ, ಸೊಂಟದಿಂದ ಪಾದಕ್ಕೆ, ರವಿಕೆಗೆ ಅಳತೆ ತೆಗೆಯುವಷ್ಟೇ ಶ್ರದ್ಧೆಯಿಂದ ಟೇಪು ಹಿಡಿದರು.

"ನೀವು ಪದರ ಏರಿಸಿದಷ್ಟೂ ಹ್ಯಾಂಡಲ್ ದೂರ ಹೋಗ್ತಾ ಇದೆ. ಮೊಣಕಾಲಿಗೂ ಸೀಟೇ ಮದ್ದು, ಬೆನ್ನಿಗೂ ಸೀಟೇ, ಕೈಗೂ ಸೀಟೇ. ಅಂಗಿ ಬಿಗಿ ಆದ್ರೆ ಬರೀ ಕಾಲರ್ ಬಿಚ್ತಾರೇನ್ರೀ? ಇಳಿಸಿ ಇದನ್ನ. ಹೋಗಿ ಆ ಮನುಷ್ಯನ್ನ ಕರೀರಿ."

ಬೀದಿ ದಾಟಲು ಉದ್ದಣ್ಣನಿಗೆ ಮೂರೇ ಹೆಜ್ಜೆ ಸಾಕು. ಅಂದು ಇಡೀ ಬೆಳಗು ಹಿಡಿಯಿತು.

"ಗಾಡಿ ಕೆಟ್ಟಿರ್ಲಿಲ್ಲ ಕಣೋ," ಎಂದರು ಕೊನೆಗೆ. "ಸೀಟು ಕೆಟ್ಟಿತ್ತು."

ಮೆಕ್ಯಾನಿಕ್ ಕೈಯಲ್ಲಿದ್ದ ಸ್ಪ್ಯಾನರು ಕೆಳಗಿಟ್ಟು, "ಇನ್ನೊಂದ್ಸಲ ಹೇಳಣ್ಣ. ಇಂಜಿನ್ ಸದ್ದಲ್ಲಿ ಕೇಳಿಸ್ಲಿಲ್ಲ," ಎಂದರು. ಅಂಗಡಿಯಲ್ಲಿ ಯಾವ ಇಂಜಿನ್ನೂ ಓಡುತ್ತಿರಲಿಲ್ಲ.

ಉದ್ದಣ್ಣ ಸಿಂಹಾಸನವನ್ನು ತಮ್ಮ ಕೈಯಾರೆ ಕೊಯ್ದು ಅರ್ಧಕ್ಕೆ ಇಳಿಸಿದರು. ಮೆಕ್ಯಾನಿಕ್ ಹ್ಯಾಂಡಲ್ಲನ್ನು ಎತ್ತಿ ಹಿಂದಕ್ಕೆ ತಂದರು, ಕಾಲಿಡುವ ಕಂಬಿಗಳನ್ನು ಕೆಳಗಿಳಿಸಿದರು, ಇನ್ನಷ್ಟು ಎತ್ತರದ ಗಾಜು ಕೂರಿಸಿದರು. ಸೀಟಿನ ಹಿಂದಿನ ಅರ್ಧವನ್ನು ಹೆಂಡತಿ ತಾವೇ ಹೊಟ್ಟಿನ ಮೇಲೆ ಕೂತು ಎದ್ದು, ತಮಗೆ ಬೇಕಾದಂತೆ ಹೊಲಿದುಕೊಂಡರು. ಕಳೆದ ವಾರ ಇಬ್ಬರೂ ಬೆಟ್ಟದ ನೆತ್ತಿಯವರೆಗೆ ಹೋಗಿ ಬಂದಿದ್ದಾರೆ. ಮೇಲೆ ಇಳಿದಾಗ ಮೊಣಕಾಲು ತಾನಾಗೇ ಬಿಚ್ಚಿಕೊಂಡಿತು. ಆಚೆ ಕಣಿವೆಯಲ್ಲಿ ಅಕ್ಕನ ಊರಿನ ಹಂಚುಗಳು ಕಂಡವು ಎನ್ನುತ್ತಾರೆ ಉದ್ದಣ್ಣ. ಅಷ್ಟು ದೂರದ್ದು ಕಾಣಲು ಸಾಧ್ಯವೇ ಇಲ್ಲ ಎನ್ನುತ್ತಾರೆ ಹೆಂಡತಿ.

ಈ ಭಾನುವಾರ ಹೊರಡುತ್ತಾರೆ. ಶನಿವಾರದ ಕೊನೆಯ ಗಿರಾಕಿಯನ್ನು ಕಳಿಸಿ, ಉದ್ದಣ್ಣ ಗಾಡಿಯ ಪಕ್ಕ ನೆಲದಲ್ಲಿ ಎಡಗಾಲು ನೀಡಿ ಕೂತಿದ್ದಾರೆ. ಅಲ್ಲಿ ಹೋಗಿ ಏನು ಮಾಡಬೇಕೆಂದಿದ್ದೀರಿ ಎಂದು ಕೇಳಿದರೆ, ಬೀದಿಗೆಲ್ಲ ಕೇಳುವ ಆ ದನಿ ಸಣ್ಣಗಾಗುತ್ತದೆ.

"ಏನೂ ಇಲ್ಲ. ಗಿರಾಕಿ ಹತ್ರ, ಹೆಂಡ್ತಿ ಹತ್ರ, ಎಲ್ಲರ ಹತ್ರಾನೂ ನಾನು ಬಗ್ಗಿಯೇ ಮಾತಾಡ್ಬೇಕು. ಅಕ್ಕನ ಮುಂದೆ ಒಂದ್ಸಲ ನೆಟ್ಟಗೆ ನಿಂತ್ಕೋಬೇಕು."

ಎಡ ಮೊಣಕಾಲು ನೀವಿಕೊಂಡು ಸೇರಿಸುತ್ತಾರೆ: "ಅವಳಿಗೆ ಮುಖ ಕಾಣೋಷ್ಟು ಹತ್ರ."